ಪರಿಚಯದಿಂದ ಪತ್ತಿನ ತನಕ

(ಹುಬ್ಬಳ್ಳಿಯಲ್ಲಿ ಸಣ್ಣ ಉದ್ದಿಮೆದಾರರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಒಂದು ಪ್ರಶ್ನೆಯ ಉತ್ತರವನ್ನೂ ಸೇರಿಸಿದೆ.)

ಇಲ್ಲಿ ಕೂತವರಲ್ಲಿ ಖಾರದಪುಡಿ, ಶೇಂಗಾ ಚಟ್ನಿ, ಖಡಕ್ ರೊಟ್ಟಿ ಮಾಡಿ ಮಾರುವವರಿದ್ದೀರಿ. ಗೋಕುಲ ರಸ್ತೆಯಲ್ಲಿ ಎರಡು ಲೇತ್ ಇಟ್ಟುಕೊಂಡವರಿದ್ದೀರಿ. ಬೆಟಗೇರಿಯ ನೇಕಾರರಿಂದ ಸೀರೆ ತರಿಸಿ ಮಾರುವವರೂ ಇದ್ದೀರಿ. ಎಲ್ಲರ ಮೊಬೈಲಿನಲ್ಲೂ ನೂರಾರು ನಂಬರುಗಳಿವೆ. ಅವರಲ್ಲಿ ಎಷ್ಟು ಮಂದಿ, ನೀವು ಒಂದು ಫೋನ್ ಮಾಡಿದರೆ ಮುಂಗಡ ರೊಕ್ಕ ಕೇಳದೆ ಒಂದು ವಾರದ ಮಾಲು ಕಳಿಸುತ್ತಾರೆ? ಎಷ್ಟು ಮಂದಿ ತಮ್ಮ ಒಳ್ಳೆಯ ಗಿರಾಕಿಯನ್ನು ನಿಶ್ಚಿಂತೆಯಿಂದ ನಿಮ್ಮ ಹತ್ತಿರ ಕಳಿಸುತ್ತಾರೆ? ಬಹಳ ಜನರಿಗೆ ಈ ಲೆಕ್ಕ ಕೈಬೆರಳು ದಾಟುವುದಿಲ್ಲ.

"ಅವರು ನಮ್ಮವರ ಅದಾರ್ರೀ" ಎನ್ನುವ ಮಾತು ನಮ್ಮ ಕಡೆ ಸಲೀಸಾಗಿ ಬರುತ್ತದೆ. ಒಂದೇ ಊರು, ಒಂದೇ ಮಠ, ಒಂದೇ ಸಾಲಿ, ಇಲ್ಲಾ ಬೀಗರ ಕಡೆಯವರು. ಇದರಿಂದ ಬಾಗಿಲು ತೆರೆಯುತ್ತದೆ, ಚಹಾ ಬರುತ್ತದೆ. ಪತ್ತು, ಅಂದರೆ ವ್ಯವಹಾರದ ನಂಬಿಕೆ, ಹುಟ್ಟುವ ಜಾಗ ಬೇರೆ. ನೀವು ಮುಂದೆ ಏನು ಮಾಡುತ್ತೀರಿ ಎಂಬುದನ್ನು ಎದುರಿನವರು ಮೊದಲೇ ಹೇಳಬಲ್ಲರು ಎಂದಾದಾಗ ಅದು ಹುಟ್ಟುತ್ತದೆ. ಇವರು ಹದಿನೈದನೇ ತಾರೀಖಿಗೆ ಕೊಡುತ್ತಾರೆ, ತಡ ಆಗುವುದಾದರೆ ಹನ್ನೆರಡಕ್ಕೇ ಫೋನ್ ಬರುತ್ತದೆ, ಮಾಲು ಕೆಟ್ಟಿದ್ದರೆ ಅದೇ ದಿನ ಹೇಳುತ್ತಾರೆ: ಇಷ್ಟು ಗೊತ್ತಿದ್ದವರಿಗೆ ನಿಮ್ಮ ಕುಲ, ಊರು ಯಾವುದೂ ಬೇಕಾಗುವುದಿಲ್ಲ.

ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಶುರುವಾದದ್ದು ನಿಮಗೆ ಗೊತ್ತಿದೆ. ಅದಕ್ಕೆ ಆಧಾರವಾಗಿದ್ದ 1904ರ ಕಾಯ್ದೆಯಲ್ಲಿ ಹಳ್ಳಿಯ ಸಂಘಗಳ ಸದಸ್ಯರಿಗೆ ಸಾಮಾನ್ಯವಾಗಿ ಅಪರಿಮಿತ ಹೊಣೆಗಾರಿಕೆ ಇತ್ತು. ಒಬ್ಬ ತೀರಿಸದಿದ್ದರೆ ಭಾರ ಉಳಿದವರ ಮೇಲೆ. ಹಾಗಿರುವಾಗ ಪಕ್ಕದ ಹೊಲದವನು ನಮ್ಮವನೋ ಅಲ್ಲವೋ ಎಂದು ಕೇಳಿದರೆ ಸಾಲದು, ಸುಗ್ಗಿ ಮುಗಿದ ಮೇಲೆ ಹೋದ ವರ್ಷ ಏನು ಮಾಡಿದ ಎಂದು ಕೇಳಲೇಬೇಕು. ಇವತ್ತಿನ ಮಾತೆಲ್ಲ ಈ ಎರಡನೆಯ ಪ್ರಶ್ನೆಗೆ ಸಂಬಂಧಿಸಿದ್ದು.

ಮೊದಲು ಒಂದು ನೋಟಬುಕ್ಕು ಮಾಡಿರಿ. ಮೊಬೈಲಿನಲ್ಲಿ ಬೇಡ. ಮೊಬೈಲಿನ ಪಟ್ಟಿ ಬೆಳೆಯುತ್ತ ಹೋಗುತ್ತದೆ, ಯಾರೂ ನೋಡುವುದಿಲ್ಲ. 25ರಿಂದ 30 ಹೆಸರು ಸಾಕು. ಒಬ್ಬೊಬ್ಬರಿಗೆ ಅರ್ಧ ಪುಟ ಬಿಡಿರಿ: ಕೊನೆಗೆ ಮಾತಾಡಿದ ತಾರೀಖು, ಅವರಿಗೆ ಈಗ ಬೇಕಾಗಿರುವುದು, ನಾನು ಒಪ್ಪಿಕೊಂಡದ್ದು, ಅದಕ್ಕೆ ಹೇಳಿದ ದಿನ. ಈ ಕೊನೆಯ ಎರಡು ಸಾಲು ಖಾಲಿ ಇದ್ದರೆ ಅದು ವಿಳಾಸದ ಪುಸ್ತಕ ಅಷ್ಟೇ. ಹೆಸರುಗಳನ್ನು ಮೂರು ಗುಂಪು ಮಾಡಿರಿ. ರೊಕ್ಕ ಯಾರಿಂದ ಬರುತ್ತದೆ, ರೊಕ್ಕ ಯಾರಿಗೆ ಹೋಗುತ್ತದೆ, ಎರಡೂ ಅಲ್ಲದವರು ಯಾರು. ಮೂರನೆಯದರಲ್ಲಿ ಲೆಕ್ಕಪತ್ರ ನೋಡುವವರು, ಬ್ಯಾಂಕಿನವರು, ಪಾರ್ಸೆಲ್ ಆಫೀಸಿನ ಬುಕಿಂಗ್ ಕ್ಲಾರ್ಕ್, ನಿಮ್ಮದೇ ಧಂದೆ ಮಾಡುವ ಪಕ್ಕದ ಓಣಿಯವರು ಬರುತ್ತಾರೆ. ಹತ್ತರಲ್ಲಿ ಒಂಬತ್ತು ಮಂದಿ ಮೊದಲಿನ ಗುಂಪನ್ನಷ್ಟೇ ಓಲೈಸುತ್ತಾರೆ. ವ್ಯಾಪಾರ ಬೆಳೆಯುವಾಗ ಕೈಕೊಡುವುದು ಎರಡನೆಯದು, ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ.

ಖಾರದಪುಡಿ ಘಟಕವನ್ನೇ ತೆಗೆದುಕೊಳ್ಳಿರಿ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಆವಕ ಜೋರಾಗುವುದು ಜನವರಿಯಿಂದ ಮಾರ್ಚ್‌ವರೆಗೆ. ಟೆಂಡರ್ ನಡೆಯುವುದು ಸೋಮವಾರ, ಗುರುವಾರ. ಆ ದಿನ ಬೆಳಿಗ್ಗೆ ದಲಾಲರ ಅಂಗಡಿಗೆ ಫೋನ್ ಮಾಡಿ "ಅಣ್ಣಾರ, ರೇಟ್ ಏನೈತ್ರೀ" ಎಂದು ಕೇಳುವವರು ನೂರು ಮಂದಿ. ಅವರಿಗೆ ಉತ್ತರಿಸುವ ಪುರುಸೊತ್ತೂ ಇರುವುದಿಲ್ಲ, ಮನಸ್ಸೂ ಇರುವುದಿಲ್ಲ. ನೀವು ಮಂಗಳವಾರ ಇಲ್ಲವೇ ಶುಕ್ರವಾರ ಮಧ್ಯಾಹ್ನ ಮಾಡಿರಿ. ಕೇಳುವಾಗ ಬೇಡಿಕೆ ಸ್ಪಷ್ಟ ಇರಲಿ: ಡಬ್ಬಿ ಬೇಕೋ ಕಡ್ಡಿ ಬೇಕೋ (ಎರಡೂ ಬ್ಯಾಡಗಿ ಕಾಯಿಯ ಬಗೆ), ಎಷ್ಟು ಚೀಲ, ಯಾವ ವಾರ, ರೊಕ್ಕ ಎಷ್ಟು ದಿನಕ್ಕೆ. ವರ್ಷಕ್ಕೆ ಸುಮಾರು ಎಷ್ಟು ಬೇಕು ಎಂಬುದನ್ನು ಹಂಗಾಮಿನ ಮೊದಲೇ ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಇನ್ನೂ ಒಳ್ಳೆಯದು. ನಿಮ್ಮ 60 ಚೀಲ ಅವರಿಗೆ ದೊಡ್ಡ ಸಂಖ್ಯೆಯಲ್ಲ. ಆದರೆ ಮೊದಲೇ ಗೊತ್ತಿರುವ 60, ಯಾವಾಗ ಬರುತ್ತದೋ ಗೊತ್ತಿಲ್ಲದ 200ಕ್ಕಿಂತ ಅವರಿಗೆ ಅನುಕೂಲ.

ಮಾಲು ಬಂದ ದಿನ ಏನು ಮಾಡುತ್ತೀರಿ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಮೆಣಸಿನಕಾಯಿ ಪುಡಿಯಲ್ಲಿ ತೇವಾಂಶ ಶೇ 11 ಮೀರಬಾರದು ಎಂಬುದು ಆಹಾರ ಸುರಕ್ಷತೆಯ ಮಾನದಂಡ. ಹಸಿ ಇದ್ದ ಕಾಯಿ ಗೋದಾಮಿನಲ್ಲಿ ಬೂಸ್ಟು ಹಿಡಿಯುತ್ತದೆ, ಬಣ್ಣ ಕಳೆದುಕೊಳ್ಳುತ್ತದೆ, ಒಣಗಿಸಿದರೆ ತೂಕ ಇಳಿಯುತ್ತದೆ. 20 ಚೀಲದಲ್ಲಿ 3 ಹಸಿ ಬಂದವು ಅಂತಿಟ್ಟುಕೊಳ್ಳಿರಿ. ಬಹಳ ಜನ ಹದಿನೈದು ದಿನ ಸುಮ್ಮನಿದ್ದು, ರೊಕ್ಕ ಕೊಡುವ ದಿನ "ನಿಮ್ಮ ಮಾಲು ಚಲೋ ಇದ್ದಿದ್ದಿಲ್ಲ" ಎಂದು ಬಿಲ್ಲಿನಲ್ಲಿ ಕತ್ತರಿಸುತ್ತಾರೆ. ಅದು ಎದುರಿನವರಿಗೆ ದೂರಿನ ಹಾಗೆ ಕೇಳಿಸುವುದಿಲ್ಲ, ರೊಕ್ಕ ತಪ್ಪಿಸುವ ನೆಪದ ಹಾಗೆ ಕೇಳಿಸುತ್ತದೆ. ಇಳಿಸಿದ ದಿನವೇ ಎಲ್ಲ ಚೀಲ ತೂಗಿರಿ. ಪ್ರತಿ ಚೀಲದ ಮೇಲೆ, ನಡುವೆ, ತಳದಲ್ಲಿ ಕೈಹಾಕಿ ನೋಡಿರಿ. ಮೇಲಿನ ಕಾಯಿ ಒಣಗಿದ್ದು ತಳ ಹಸಿ ಇರುವುದು ಸಾಮಾನ್ಯ. ಹಸಿ ಚೀಲದ ಗುರುತು ಕಾಣುವಂತೆ ಫೋಟೋ ತೆಗೆದು, ಆ ಚೀಲಗಳನ್ನು ಬೇರೆ ಇಟ್ಟು, ನೇರ ಅವರಿಗೇ ಫೋನ್ ಮಾಡಿರಿ. ವಾಟ್ಸಾಪ್ ಗುಂಪಿನಲ್ಲಿ ಹಾಕಬೇಡಿರಿ. "3 ಚೀಲ ಹಸಿ ಅದಾವು, ವಾಪಸ್ ಕಳಿಸ್ಲೋ, ಒಣಗಿಸಿ ತೂಕದ ಫರಕು ಹಿಡೀಲೋ, ನೀವ ಹೇಳ್ರಿ." ಉಳಿದ 17 ಚೀಲದ ರೊಕ್ಕ ಹೇಳಿದ ದಿನಕ್ಕೆ ಕಳಿಸಿರಿ, ತಕರಾರು ಇರುವ 3ರದ್ದನ್ನಷ್ಟೇ ತಡೆಯಿರಿ. ಇಡೀ ಬಿಲ್ಲು ಹಿಡಿದು ಕೂತರೆ ಮುಂದಿನ ಸಲ ನಿಮಗೆ ಉಳಿದ ಮಾಲು ಬರುತ್ತದೆ, ಆರಿಸಿದ ಮಾಲಲ್ಲ.

ಇನ್ನೊಂದು ಸಂಗತಿ. ಮೆಣಸಿನಕಾಯಿ ದರ ಒಂದು ವರ್ಷ ಏರಿ ಇನ್ನೊಂದು ವರ್ಷ ನೆಲಕ್ಕೆ ಬೀಳುವ ಮಾಲು. ದರ ಬಿದ್ದಾಗ ಮಾತಾಡಿದ ಚೀಲಗಳನ್ನು ಬಿಟ್ಟು ಬೇರೆ ಕಡೆ ಅಗ್ಗಕ್ಕೆ ಕೊಳ್ಳುವವರಿಗೆ, ದರ ಏರಿದ ವರ್ಷ ಯಾರೂ ಫೋನ್ ಎತ್ತುವುದಿಲ್ಲ. ಇದಕ್ಕೆ ಹೆಚ್ಚಿನ ವಿವರಣೆ ಬೇಡ.

ಈಗ ಮಾರುವ ಕಡೆಗೆ ಬರೋಣ, ಅಂದರೆ ಕಿರಾಣಿ ಅಂಗಡಿಗಳು ಮತ್ತು ಉದ್ರಿ. ಉದ್ರಿ ಕೊಡದೆ ದುರ್ಗದ ಬೈಲಿನಲ್ಲಾಗಲಿ ಹಾವೇರಿಯಲ್ಲಾಗಲಿ ಹೊಸ ಮಾಲು ನಿಲ್ಲುವುದಿಲ್ಲ, ಸರಿ. ಆದರೆ ಲೆಕ್ಕ ನೋಡಿರಿ. ಒಂದು ಅಂಗಡಿ ವಾರಕ್ಕೆ 4,000 ರೂಪಾಯಿ ಮಾಲು ಒಯ್ಯುತ್ತದೆ, ವಾಯಿದೆ 21 ದಿನ ಎಂದರೆ ಅವರ ಹತ್ತಿರ ನಿಮ್ಮ 12,000 ಸದಾ ಇರುತ್ತದೆ. 40 ಅಂಗಡಿಗೆ 4,80,000. ಯಾರೂ ಮೋಸ ಮಾಡಲಿಲ್ಲ, ಎಲ್ಲರೂ ಎರಡು ವಾರ ತಡ ಮಾಡಿದರು ಅಷ್ಟೇ ಎಂದುಕೊಂಡರೂ ಅದು 8,00,000 ಆಗುತ್ತದೆ. ಹೆಚ್ಚಿನ 3,20,000 ಎಲ್ಲಿಂದ ಬರಬೇಕು? ನೀವು ಬ್ಯಾಡಗಿಗೆ ಕೊಡಬೇಕಾದ ರೊಕ್ಕದಿಂದ. ಒಂದು ಕಡೆಯ ದಾಕ್ಷಿಣ್ಯ ಇನ್ನೊಂದು ಕಡೆಯ ಪತ್ತನ್ನು ತಿನ್ನುವುದು ಹೀಗೆ.

ಆದ್ದರಿಂದ ಪ್ರತಿ ಅಂಗಡಿಗೆ ಎರಡು ಗೆರೆ ಎಳೆಯಿರಿ, ಒಂದು ದಿನದ ಗೆರೆ, ಒಂದು ರೂಪಾಯಿಯ ಗೆರೆ. ಯಾವುದು ಮೊದಲು ಮುಟ್ಟಿದರೂ ಮುಂದಿನ ಮಾಲು ಹಿಂದಿನ ಬಿಲ್ಲು ತೀರಿದ ಮೇಲೆ. ಇದನ್ನು ಮೊದಲ ಬಿಲ್ಲಿನ ಮೇಲೆಯೇ ಬರೆದುಕೊಟ್ಟು ಬಾಯಿಂದಲೂ ಹೇಳಿರಿ. ಮೂರನೇ ತಿಂಗಳಿಗೆ ಹೇಳಿದರೆ ಅದು ಅನುಮಾನ ಪಟ್ಟ ಹಾಗಾಗುತ್ತದೆ. ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಬಾಕಿ ಚೀಟಿ ಕಳಿಸಿರಿ, ಬಾಕಿ ಶೂನ್ಯ ಇದ್ದವರಿಗೂ ಕಳಿಸಿರಿ. ಜಗಳದ ಬಹುಪಾಲು ಕೊಡಬಾರದು ಎಂಬ ಮನಸ್ಸಿನಿಂದ ಬರುವುದಿಲ್ಲ. ವಾಪಸ್ ಕೊಟ್ಟ ಎಂಟು ಪ್ಯಾಕೆಟ್ಟು ನಿಮ್ಮ ಖಾತೆಯಲ್ಲಿ ಇಳಿದಿಲ್ಲ ಎಂಬುದರಿಂದ ಬರುತ್ತದೆ. ಅವಧಿ ಮುಗಿದ ಪ್ಯಾಕೆಟ್ಟು ತೆಗೆದುಕೊಂಡು ಬರುವ ಹುಡುಗ ಅಲ್ಲೇ ಚೀಟಿ ಹರಿದು ಕೊಡಲಿ. ತಿಂಗಳ ಕೊನೆಗೆ ನಿಮ್ಮ ಮಾರಾಟದ ಗುರಿ ಮುಟ್ಟಲೆಂದು ಅಂಗಡಿಯ ಮೇಲೆ ಮಾಲು ಹೇರಬೇಡಿರಿ. ಅದು ಮೂರು ತಿಂಗಳಿಗೆ ಹಾಗೇ ವಾಪಸ್ ಬರುತ್ತದೆ, ಜೊತೆಗೆ ಶೆಲ್ಫಿನ ಜಾಗವೂ ಹೋಗುತ್ತದೆ.

ಬಂಧುಗಳ ಅಂಗಡಿಯದು ಬೇರೆಯದೇ ತೊಡಕು. ಕಾಕಾನ ಮಗನ ಹತ್ತಿರ ರೊಕ್ಕ ಕೇಳುವುದು ಹೇಗೆ? ಉಪಾಯ ಒಂದೇ. ವಸೂಲಿ ನೀವು ಮಾಡಬೇಡಿರಿ, ಲೆಕ್ಕ ಬರೆಯುವವರು ಎಲ್ಲರಿಗೂ ಮಾಡುವ ಹಾಗೆ ಅವರಿಗೂ ಅದೇ ದಿನ ಫೋನ್ ಮಾಡಲಿ. ಮದುವೆ ಮನೆಯಲ್ಲಿ, ಜಾತ್ರೆಯಲ್ಲಿ ನೀವು ಆ ವಿಷಯ ತೆಗೆಯಬೇಡಿರಿ, ಅವರು ತೆಗೆದರೂ "ಅಂಗಡ್ಯಾಗ ಮಾತಾಡೂಣು ತಮ್ಮಾ" ಎಂದುಬಿಡಿರಿ.

ಜಿಎಸ್‌ಟಿ ಕೂಡ ಬಾಂಧವ್ಯದ ವಿಷಯ ಎಂದು ಯಾರೂ ಹೇಳುವುದಿಲ್ಲ, ಆದರೆ ಅದು ಹೌದು. ತಿಂಗಳಿಗೊಮ್ಮೆ ಸಲ್ಲಿಸುವವರು ಮಾರಾಟದ ವಿವರವನ್ನು ಮುಂದಿನ ತಿಂಗಳ 11ರೊಳಗೆ ಹಾಕಬೇಕು, ಮೂರು ತಿಂಗಳಿಗೊಮ್ಮೆ ಸಲ್ಲಿಸುವವರಿಗೂ ಬಿಲ್ಲುಗಳನ್ನು 13ರೊಳಗೆ ಏರಿಸುವ ಸೌಲಭ್ಯವಿದೆ. 14ಕ್ಕೆ ಖರೀದಿದಾರರಿಗೆ ಅವರ ಖರೀದಿ ಬಿಲ್ಲುಗಳ ಪಟ್ಟಿ ತಯಾರಾಗುತ್ತದೆ. ಅದರಲ್ಲಿ ನಿಮ್ಮ ಬಿಲ್ಲು ಕಾಣದಿದ್ದರೆ ಅವರು ಖರೀದಿಯ ಮೇಲೆ ಕೊಟ್ಟ ತೆರಿಗೆಯ ಜಮಾ ಆ ತಿಂಗಳು ಪಡೆಯಲಾರರು, ಅಷ್ಟು ರೊಕ್ಕ ಕೈಯಿಂದ ಕಟ್ಟಬೇಕು. ಖರೀದಿ ಮಾಡುವ ಸಾಹೇಬರು ನಿಮ್ಮ ಜೊತೆ ಎಷ್ಟು ಚೆನ್ನಾಗಿದ್ದರೂ, ಎರಡು ತಿಂಗಳು ಹೀಗಾದರೆ ಅವರ ಲೆಕ್ಕ ವಿಭಾಗದವರು ನಿಮ್ಮ ಹೆಸರಿನ ಮುಂದೆ ಗುರುತು ಹಾಕುತ್ತಾರೆ. ಆ ವಿಭಾಗದಲ್ಲಿ ಕೂತವರ ಹೆಸರು ನಿಮ್ಮ ನೋಟಬುಕ್ಕಿನಲ್ಲಿ ಇದೆಯೇ? ಇಲ್ಲದಿದ್ದರೆ ಇವತ್ತೇ ಬರೆದುಕೊಳ್ಳಿರಿ. ನಿಮ್ಮ ಬಿಲ್ಲು ಯಾವ ದಿನ ಅವರ ಟೇಬಲ್ಲಿಗೆ ಬಂದರೆ ಯಾವ ದಿನದ ಪಾವತಿಗೆ ಸೇರುತ್ತದೆ ಎಂದು ಅವರನ್ನು ಒಮ್ಮೆ ಕೇಳಿಕೊಂಡರೆ, ಎಷ್ಟೋ "ತಡ" ತಾನೇ ಹೋಗುತ್ತದೆ.

ದೊಡ್ಡ ಕಂಪನಿಗಳಿಗೆ ಮಾಲು ಕೊಡುವವರಿಗೆ ಕಾನೂನಿನ ಆಸರೆ ಇದೆ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆ) ಅಭಿವೃದ್ಧಿ ಕಾಯ್ದೆಯ ಪ್ರಕಾರ, ನೋಂದಾಯಿತ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗೆ ಲಿಖಿತ ಕರಾರಿನ ದಿನಕ್ಕೆ ರೊಕ್ಕ ಕೊಡಬೇಕು, ಆ ಕರಾರು 45 ದಿನ ಮೀರುವಂತಿಲ್ಲ. ಕರಾರೇ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. 2024-25ನೇ ತೆರಿಗೆ ನಿರ್ಧಾರಣಾ ವರ್ಷದಿಂದ ಇನ್ನೊಂದು ಬಿಗಿ ಬಂತು. ಹೀಗೆ ತಡವಾದ ಬಾಕಿಯನ್ನು ಖರೀದಿದಾರರು ರೊಕ್ಕ ಕೊಟ್ಟ ವರ್ಷದಲ್ಲಷ್ಟೇ ಖರ್ಚಾಗಿ ತೋರಿಸಬಹುದು. ಒಂದು ಎಚ್ಚರಿಕೆ: ಮಾಲು ತಂದು ಮಾರುವ ವ್ಯಾಪಾರಿಗಳು ಉದ್ಯಮ್ ನೋಂದಣಿ (ಇಂಥ ಉದ್ದಿಮೆಗಳ ಸರ್ಕಾರಿ ನೋಂದಣಿ) ಮಾಡಿಸಿದರೂ ಅವರಿಗೆ ಸಿಗುವುದು ಬ್ಯಾಂಕ್ ಸಾಲದ ಆದ್ಯತೆ ಮಾತ್ರ, ಈ ತಡಪಾವತಿಯ ರಕ್ಷಣೆ ತಯಾರಕರಿಗೆ ಮತ್ತು ಸೇವೆ ಕೊಡುವವರಿಗೆ. ನೋಂದಣಿಗೆ ಸರ್ಕಾರಿ ಶುಲ್ಕವಿಲ್ಲ.

ಈ ಕಾನೂನನ್ನು ಯಾವಾಗ ಹೊರಗೆ ತೆಗೆಯಬೇಕು? ಜಗಳ ಆದ ಮೇಲೆ ತೆಗೆದರೆ ಅದು ಬೆದರಿಕೆ. ಮೊದಲ ದರಪಟ್ಟಿಯಲ್ಲೇ "ಪಾವತಿ 30 ದಿನ" ಎಂದು, ಪ್ರತಿ ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಎಂದು ಅಚ್ಚು ಹಾಕಿಸಿದರೆ ಅದು ಬರೇ ಪದ್ಧತಿ. ಮಾಲು ಮುಟ್ಟಿದ ದಿನ ಸಹಿ, ಮೊಹರು, ತಾರೀಖು ಇರುವ ಚಲನ್ ಇಟ್ಟುಕೊಳ್ಳಿರಿ. ದಿನ ಎಣಿಸುವುದು ಅಲ್ಲಿಂದ. ಖರೀದಿದಾರರು 15 ದಿನದೊಳಗೆ ಬರವಣಿಗೆಯಲ್ಲಿ ತಕರಾರು ಎತ್ತದಿದ್ದರೆ ಮಾಲು ಒಪ್ಪಿಕೊಂಡಂತೆ. 45ನೇ ದಿನ ಫೋನ್ ಮಾಡುವವರು ತಡ ಮಾಡಿದವರು. 7ನೇ ದಿನ "ಬಿಲ್ಲು ಎಂಟ್ರಿ ಆಯಿತ್ರೀ?" ಎಂದು, 25ನೇ ದಿನ "ಈ ವಾರದ ಪಾವತೀಲಿ ಐತ್ರೀ?" ಎಂದು ಕೇಳಿರಿ.

ಸ್ಪರ್ಧಿಗಳ ಮಾತು. ಗೋಕುಲ ರಸ್ತೆ, ತಾರಿಹಾಳದ ವರ್ಕ್‌ಶಾಪುಗಳಲ್ಲಿ ಒಬ್ಬರ ಹತ್ತಿರ ಲೇತ್ ಇದ್ದರೆ ಇನ್ನೊಬ್ಬರ ಹತ್ತಿರ ಮಿಲ್ಲಿಂಗ್, ಮೂರನೆಯವರ ಹತ್ತಿರ ಹೀಟ್ ಟ್ರೀಟ್‌ಮೆಂಟ್. 500 ನಗದ (ಬಿಡಿ ಭಾಗದ) ಆರ್ಡರ್ ಬಂದು ನಿಮ್ಮಿಂದ 300 ಆಗುವುದಾದರೆ ಉಳಿದದ್ದನ್ನು ಜಾಬ್ ವರ್ಕ್‌ಗೆ, ಅಂದರೆ ಕೂಲಿಯ ಮೇಲೆ ಮಾಡಿಸಲು ಇನ್ನೊಬ್ಬರಿಗೆ, ಕೊಡುವುದೇ ಸರಿ. ಇಲ್ಲಿ ಕೆಡುವುದು ಮೂರು ಕಡೆ. ಹಳೆಯ ಡ್ರಾಯಿಂಗ್ ಕೊಟ್ಟಿರುತ್ತೀರಿ, ಪಕ್ಷ, ಅಂದರೆ ಆರ್ಡರ್ ಕೊಟ್ಟ ಗಿರಾಕಿ, ಬದಲಾಯಿಸಿದ ಅಳತೆ ಅದರಲ್ಲಿ ಇರುವುದಿಲ್ಲ. ಆದ್ದರಿಂದ ಡ್ರಾಯಿಂಗಿನ ತಿದ್ದುಪಡಿ ಸಂಖ್ಯೆ ಚಲನ್ ಮೇಲೂ ಬರೆಯಿರಿ. ತಿರಸ್ಕೃತವಾದ ನಗದ ಕಚ್ಚಾ ಮಾಲಿನ ಖರ್ಚು ಯಾರದು ಎಂದು ಮಾತಾಡಿರುವುದಿಲ್ಲ. ನೂರಕ್ಕೆ ಎಷ್ಟರ ತನಕ ನಿಮ್ಮದು, ಅದರ ಮೇಲೆ ಅವರದು ಎಂದು ಮೊದಲೇ ಒಪ್ಪಿಕೊಳ್ಳಿರಿ. ಎಲ್ಲ ನಗ ಒಮ್ಮೆಲೇ ಮಾಡಿಸಿ ಕೊನೆಗೆ ಅಳೆಯುತ್ತೀರಿ. ಮೊದಲ 5 ನಗ ಅಳೆದು ಸಹಿ ಮಾಡಿದ ಮೇಲೆ ಉಳಿದವು ನಡೆಯಲಿ. ಇನ್ನು, ಅವರ ಕೆಲಸ ನಿಮ್ಮ ಹತ್ತಿರ ಬಂದಾಗ ಅವರ ಪಕ್ಷಕ್ಕೆ ನಿಮ್ಮ ಕಾರ್ಡು ಕೊಡಬೇಡಿರಿ. ಪಕ್ಷದವರೇ ಹುಡುಕಿಕೊಂಡು ಬಂದರೂ, ಕಳಿಸಿದವರಿಗೆ ಮೊದಲು ಹೇಳಿ ಆಮೇಲೆ ದರ ಹೇಳಿರಿ. ಹುಬ್ಬಳ್ಳಿ ದೊಡ್ಡ ಊರು, ಆದರೆ ಒಂದು ಧಂದೆ ಮಾಡುವವರ ಹುಬ್ಬಳ್ಳಿ ಬಹಳ ಸಣ್ಣದು.

ಒಬ್ಬರನ್ನು ಇನ್ನೊಬ್ಬರಿಗೆ ಪರಿಚಯ ಮಾಡಿಸುವ ಕೆಲಸವನ್ನು ನಾವು ಬಹಳ ಹಗುರಾಗಿ ಮಾಡುತ್ತೇವೆ. "ನನ್ನ ಹೆಸರ ಹೇಳ್ರಿ" ಎಂದು ನಂಬರು ಕೊಟ್ಟು ಕಳಿಸಿದರೆ ಇಬ್ಬರಿಗೂ ತೊಂದರೆ. ಮೊದಲು ಯಾರ ನಂಬರು ಕೊಡುತ್ತೀರೋ ಅವರನ್ನು ಕೇಳಿರಿ. ಅವರು ಹೂಂ ಎಂದ ಮೇಲೆ ಇಬ್ಬರಿಗೂ ಒಂದೇ ಸಂದೇಶ ಕಳಿಸಿರಿ: ಇವರು ಯಾರು, ಏನು ಬೇಕು, ನನಗೆ ಇವರ ಬಗ್ಗೆ ಎಷ್ಟು ಗೊತ್ತು. ಕೊನೆಯದನ್ನು ಮುಚ್ಚಿಡಬೇಡಿರಿ. "ಇವರ ಮಾಲು ನೋಡಿದೀನಿ, ರೊಕ್ಕದ ವ್ಯವಹಾರ ಮಾಡಿಲ್ಲ" ಎಂದು ಹೇಳಿದರೆ ನಿಮ್ಮ ಮುಂದಿನ ಶಿಫಾರಸಿಗೆ ಬೆಲೆ ಉಳಿಯುತ್ತದೆ. ನಿಮಗೆ ಬೇಕಾದಾಗಲೂ "ಯಾರರ ಇದ್ರ ಹೇಳ್ರೀ" ಎಂದರೆ ಯಾರಿಗೂ ಯಾರೂ ನೆನಪಾಗುವುದಿಲ್ಲ. "ವಿದ್ಯಾನಗರದಾಗ ಮೆಸ್ ನಡೆಸೋರು, ದಿನಾ ನೂರು ರೊಟ್ಟಿ ಬೇಕಾಗೋರು ಯಾರರ ಗೊತ್ತದಾರೇನ್ರೀ?" ಎಂದು ಕೇಳಿದರೆ ಎದುರಿನವರ ಕಣ್ಣ ಮುಂದೆ ಒಂದು ಮುಖ ಬರುತ್ತದೆ. ಕಳಿಸಿಕೊಟ್ಟವರಿಗೆ, ಕೆಲಸ ಆಗಲಿ ಬಿಡಲಿ, ಎರಡು ದಿನದಲ್ಲಿ ಏನಾಯಿತು ಎಂದು ತಿಳಿಸಿರಿ. ಶಿಫಾರಸಿಗೆ ಕಮಿಷನ್ ಕೊಡುವ ಪದ್ಧತಿ ನಮ್ಮ ಮಟ್ಟಿಗೆ ಒಳ್ಳೆಯದಲ್ಲ. ಒಮ್ಮೆ ರೊಕ್ಕ ಬಂದರೆ ಅವರು ನಿಮಗೆ ಹೊಂದುವವರನ್ನು ಕಳಿಸುವುದಿಲ್ಲ, ಸಿಕ್ಕವರನ್ನು ಕಳಿಸುತ್ತಾರೆ.

ನಮ್ಮ ಭಾಗಕ್ಕೆ ಒಂದು ಅನುಕೂಲ ಇದೆ, ಅದು ದಸರೆಯ ಬನ್ನಿ. ಮಾತು ನಿಂತುಹೋದವರ ಅಂಗಡಿಗೆ ಹೋಗಲು ಆ ದಿನ ಕಾರಣ ಹುಡುಕಬೇಕಾಗಿಲ್ಲ. "ಬನ್ನಿ ತಗೊಂಡು ಬಂಗಾರದಂಗ ಇರೂಣ್ರೀ" ಎಂದು ಕೈಗೆ ಕೊಟ್ಟು, ಹತ್ತು ನಿಮಿಷ ಕೂತು ಬನ್ನಿರಿ. ಅಂದು ಬಾಕಿಯ ಮಾತು ಬೇಡ, ಮೂರು ದಿನ ಬಿಟ್ಟು ಫೋನ್ ಮಾಡಿರಿ. ದೀಪಾವಳಿಯ ಲಕ್ಷ್ಮೀಪೂಜೆಗೆ ಹೊಸ ಖಾತೆ ತೆಗೆಯುವ ಅಂಗಡಿಗಳಿಗೆ ನಿಮ್ಮ ಕಡೆಯ ಬಾಕಿ ಪೂಜೆಗೆ ಮೊದಲೇ ಮುಟ್ಟಲಿ. ಒಂದು ಕಿಲೋ ಧಾರವಾಡ ಪೇಡೆ ಮಾಡದ ಕೆಲಸವನ್ನು ಅದು ಮಾಡುತ್ತದೆ. ಮುಂಜಾನೆಯ ವಾಟ್ಸಾಪ್ ಶುಭಾಶಯಗಳ ಬಗ್ಗೆ ನಾವು ಏನೂ ಹೇಳುವುದಿಲ್ಲ.

ಬ್ಯಾಂಕಿನ ಮ್ಯಾನೇಜರು ವರ್ಗವಾಗಿ ಹೋಗುವವರು. ಅವರ ಜೊತೆಗಿನ ಸಲಿಗೆ ಅವರೊಡನೆ ಹೋಗುತ್ತದೆ, ಫೈಲು ಉಳಿಯುತ್ತದೆ. ಸಿಸಿ (ಕ್ಯಾಶ್ ಕ್ರೆಡಿಟ್, ಅಂದರೆ ಮಾಲಿನ ಆಧಾರದ ಮೇಲಿನ ಸಾಲದ) ಖಾತೆಗೆ ಸ್ಟಾಕ್ ಪಟ್ಟಿ ಪ್ರತಿ ತಿಂಗಳು ಕೊಡಿರಿ. ಮೂರು ತಿಂಗಳಿಗಿಂತ ಹಳೆಯ ಪಟ್ಟಿಯ ಮೇಲೆ ತೆಗೆದ ಹಣವನ್ನು ಬ್ಯಾಂಕು ಅನಿಯಮಿತ ಎಂದೇ ಎಣಿಸುತ್ತದೆ. ಸಾಲದ ಕಂತು ತಪ್ಪುವ ಸೂಚನೆ ಇದ್ದರೆ ಮೊದಲೇ ಬರೆದು ತಿಳಿಸಿರಿ. 90 ದಿನ ದಾಟಿದರೆ ಖಾತೆ ವಸೂಲಾಗದ ಸಾಲದ ಪಟ್ಟಿಗೆ ಹೋಗುತ್ತದೆ, ಆಮೇಲೆ ಮ್ಯಾನೇಜರು ಎಷ್ಟೇ ಒಳ್ಳೆಯವರಾದರೂ ಅವರ ಕೈಯಲ್ಲಿ ಹೆಚ್ಚಿಗೆ ಉಳಿಯುವುದಿಲ್ಲ.

ಸಂಘ ಸಂಸ್ಥೆಗಳ ಬಗ್ಗೆ ಎರಡೇ ಮಾತು. ಹುಬ್ಬಳ್ಳಿಯಲ್ಲಿ 1928ರಿಂದ ಇರುವ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆಯಂಥ ಕಡೆ ಸದಸ್ಯರಾಗಿರಿ, ನಿಮ್ಮ ಧಂದೆಯ ಸಂಘ ಇದ್ದರೆ ಅದಕ್ಕೂ ಸೇರಿರಿ. ಎರಡು ಸಾಕು. ಸಭೆಗೆ ಹೋಗಿ ಕಾರ್ಡು ಹಂಚುವುದರಿಂದ ಏನೂ ಆಗುವುದಿಲ್ಲ, ಯಾವುದಾದರೂ ಉಪಸಮಿತಿಯ ಬೇಸರದ ಕೆಲಸ ಒಂದನ್ನು ಹಿಡಿದು ಮಾಡಿದರೆ ಆಗುತ್ತದೆ.

ಸಭಿಕರಿಂದ ಬಂದ ಪ್ರಶ್ನೆ: "ಹತ್ತು ವರ್ಷದ ಗಿರಾಕಿ ರೀ. ಈಗ ಆರು ತಿಂಗಳಾತು, ರೊಕ್ಕ ಕೊಡವಲ್ಲ. ಬಿಡಾಕೂ ಆಗೂದಿಲ್ಲ, ಕೇಳಾಕೂ ಆಗೂದಿಲ್ಲ. ಏನ್ ಮಾಡೂದು?"

ಉದ್ರಿ ಇವತ್ತೇ ನಿಲ್ಲಿಸಿರಿ, ಮಾಲು ನಿಲ್ಲಿಸಬೇಡಿರಿ. ರೋಖ ಕೊಟ್ಟರೆ ಮಾಲು ಇದೆ ಎಂದು ಹೇಳಿರಿ. ಆಮೇಲೆ ಹುಡುಗನನ್ನು ಕಳಿಸದೆ ನೀವೇ ಖಾತೆ ಪುಸ್ತಕ ಹಿಡಿದು, ಗಿರಾಕಿ ಇಲ್ಲದ ಹೊತ್ತಿನಲ್ಲಿ ಹೋಗಿರಿ. ಬಾಕಿ ತಾಳೆ ಮಾಡಿ, ತಕರಾರು ಇದ್ದ ಬಿಲ್ಲುಗಳನ್ನು ಬೇರೆ ಬರೆದು, ಉಳಿದ ಮೊತ್ತಕ್ಕೆ ತಾರೀಖು ಹಾಕಿ ಸಹಿ ತೆಗೆದುಕೊಳ್ಳಿರಿ. ಈ ಸಹಿಗೆ ಕಾನೂನಿನಲ್ಲೂ ಬೆಲೆ ಇದೆ. ಬಾಕಿ ವಸೂಲಿಯ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಅವಧಿ, ಅದು ಮುಗಿಯುವ ಮೊದಲು ಬರವಣಿಗೆಯಲ್ಲಿ ಬಾಕಿ ಒಪ್ಪಿ ಸಹಿ ಮಾಡಿದರೆ ಅವಧಿ ಹೊಸದಾಗಿ ಶುರುವಾಗುತ್ತದೆ. ಚೆಕ್ಕು ಕೊಟ್ಟರೆ ತಾರೀಖು, ಮೊತ್ತ ಬರೆದ ಚೆಕ್ಕೇ ತೆಗೆದುಕೊಳ್ಳಿರಿ. ಅದು ಬೌನ್ಸ್ ಆದರೆ ಬ್ಯಾಂಕಿನ ಮೆಮೊ ಕೈಸೇರಿದ 30 ದಿನದೊಳಗೆ ನೋಟಿಸು ಹೋಗಬೇಕು, ಅವರಿಗೆ ಅದು ಮುಟ್ಟಿದ ಮೇಲೆ 15 ದಿನದ ಕಾಲಾವಕಾಶ, ಅದು ದಾಟಿದರೆ ಒಂದು ತಿಂಗಳೊಳಗೆ ಕೋರ್ಟಿನಲ್ಲಿ ದೂರು. ಈ ದಿನಗಳನ್ನು ಸಂಕೋಚದಿಂದ ಕಳೆದುಕೊಂಡವರು ಬಹಳ.

ಕಂತು ಮಾಡಿಕೊಡುವುದಾದರೆ ಮೊದಲಿನ ಎರಡನ್ನು ಸಣ್ಣದಾಗಿ ಇಡಿರಿ, ವಾರಕ್ಕೊಂದರಂತೆ, ಅವರಿಂದ ನಿಶ್ಚಿತವಾಗಿ ಆಗುವಷ್ಟು. ದೊಡ್ಡ ಕಂತು ಒಪ್ಪಿಕೊಂಡು ತಪ್ಪಿದವರು ಮುಖ ತಪ್ಪಿಸಲು ಶುರು ಮಾಡುತ್ತಾರೆ, ಆಗ ರೊಕ್ಕವೂ ಹೋಯಿತು, ಮಾತೂ ಹೋಯಿತು. ಎರಡೂ ಹೇಳಿದ ದಿನಕ್ಕೆ ಬಂದರೆ ಮೂರನೆಯದನ್ನು ಹೆಚ್ಚಿಸಿರಿ. ಹಳೆಯ ಬಾಕಿ ಅರ್ಧ ಇಳಿದ ಮೇಲೆ ಮೊದಲಿನ ಮಿತಿಯ ಕಾಲು ಭಾಗದಷ್ಟು, ಅಂದರೆ 12,000 ಇದ್ದಲ್ಲಿ 3,000ದಷ್ಟು ಉದ್ರಿಯನ್ನು 7 ದಿನದ ವಾಯಿದೆಗೆ ತೆರೆಯಬಹುದು. ಪೂರ್ತಿ ಮಿತಿಯ ಮಾತನ್ನು ಮುಂದಿನ ಹಂಗಾಮಿಗೆ ಇಟ್ಟುಕೊಳ್ಳಿರಿ.